ಜೋಳವಾಳಿಯೂ ಅಧಿಕಾರಿಯ ದ್ರೋಹವೂ

ದ್ರೋಹವೆಂಬ ಶಬ್ದವು ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದು ಅಪರೂಪ. ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ, ರಾಜದ್ರೋಹ, ದೇಶದ್ರೋಹ ಎಂದು ಅದರ ಮುಂದೆ ಯಾವಾಗಲೂ ಮತ್ತೊಂದು ಶಬ್ದವು ಬಂದು ಕೂಡಿಕೊಳ್ಳುತ್ತದೆ. ಕಳವು, ಕೊಲೆ, ಸುಲಿಗೆ ಇವುಗಳಿಗೆ ಇಂಥ ಊರುಗೋಲು ಬೇಕಾಗಿಲ್ಲ. ಯಾರ ಮನೆಯಲ್ಲಿ ಕದ್ದರೂ ಕಳವು ಕಳವೇ. ದ್ರೋಹಕ್ಕಾದರೋ ಮೊದಲು ನಂಬಿಕೆ ಬೇಕು. ನಂಬಿದವರಿಲ್ಲದ ಕಡೆಯಲ್ಲಿ ದ್ರೋಹಕ್ಕೆ ಎಡೆಯಿಲ್ಲ. ಹೊರಗಿನಿಂದ ಶತ್ರುವು ಕೋಟೆಯನ್ನು ಮುತ್ತಿದರೆ ಅದು ಯುದ್ಧ. ಬೀಗದ ಕೈಯನ್ನು ಕಾಯಲು ಕೊಟ್ಟವನೇ ಒಳಗಿನಿಂದ ಬಾಗಿಲು ತೆರೆದರೆ ಅದು ದ್ರೋಹ. ಆದುದರಿಂದ ಸರಕಾರದ ಅಧಿಕಾರಿಯೊಬ್ಬನು ದ್ರೋಹಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಮುನ್ನ, ಅವನ ಕೈಗೆ ಬೀಗದ ಕೈಯನ್ನು ಕೊಟ್ಟವರು ಯಾರು, ಯಾರ ಸಲುವಾಗಿ ಕೊಟ್ಟರು, ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.

ವೇದಗಂಗೆಯೂ ದೂಧಗಂಗೆಯೂ ಕೂಡುವ ನೆರೆಯಲ್ಲಿರುವ ಭೋಜದಂಥ ಊರಿನ ಕಟ್ಟೆಯ ಮೇಲೆ ಈ ಪ್ರಶ್ನೆಯನ್ನು ಯಾರೂ ಇಷ್ಟು ಸಾವಧಾನವಾಗಿ ಕೇಳುವುದಿಲ್ಲ. ಉತಾರೆಯ ನಕಲಿಗೆ ಹಣ ಕೇಳಿದ ತಲಾಠಿ, ಕಾಗದವನ್ನು ತಿಂಗಳುಗಟ್ಟಲೆ ಮೇಜಿನ ಒಳಗಿರಿಸಿಕೊಂಡ ಕಾರಕೂನ, ಗಡಿಯಾಚೆಗೆ ರಕ್ಷಣೆಯ ಗುಟ್ಟುಗಳನ್ನು ಮಾರಿದ ದೊಡ್ಡ ಅಧಿಕಾರಿ, ಇವರೆಲ್ಲರಿಗೂ ಅಲ್ಲಿ ಒಂದೇ ಹೆಸರು, ಒಂದೇ ಶಿಕ್ಷೆ: ದೇಶದ್ರೋಹಿ, ಗಲ್ಲಿಗೇರಿಸಬೇಕು. ನೊಂದವರ ಸಿಟ್ಟು ಸಹಜವಾದುದೇ. ಆದರೆ ಎಲ್ಲ ರೋಗಗಳಿಗೂ ಒಂದೇ ಹೆಸರಿಟ್ಟ ವೈದ್ಯನು ಯಾವ ರೋಗವನ್ನೂ ವಾಸಿಮಾಡಲಾರನು. ಹೆಸರು ಅಗ್ಗವಾದರೆ ಎರಡು ಕೇಡುಗಳು ಒಟ್ಟಿಗೆ ಬರುತ್ತವೆ: ನಿರಪರಾಧಿಯ ಮೇಲೆ ಅದನ್ನು ಹೊರಿಸುವುದು ಸುಲಭವಾಗುತ್ತದೆ, ನಿಜವಾದ ದ್ರೋಹಿಯೂ ಆ ಗುಂಪಿನಲ್ಲಿ ಸೇರಿಕೊಂಡು ಎಲ್ಲರಂತೆ ತಾನೊಬ್ಬನೆಂದು ತಲೆತಪ್ಪಿಸಿಕೊಳ್ಳುತ್ತಾನೆ.

ಈ ಪ್ರಶ್ನೆಗೆ ಹಳೆಯ ಕನ್ನಡ ನಾಡು ಕೊಟ್ಟ ಉತ್ತರವು ಒಂದು ಸೊಗಸಾದ ಮಾತಿನಲ್ಲಿ ಅಡಗಿದೆ. ಅದು ಜೋಳವಾಳಿ. ಒಡೆಯನ ಜೋಳವನ್ನು ಉಂಡವನು ಆ ಜೋಳದ ಋಣವನ್ನು ತೀರಿಸತಕ್ಕವನು; ಬೇಕಾದರೆ ಪ್ರಾಣವನ್ನು ಕೊಟ್ಟಾದರೂ ತೀರಿಸತಕ್ಕವನು. ಬೇರೆ ಸೀಮೆಗಳವರು ಉಪ್ಪಿನ ಋಣವೆಂದರೆ, ಜೋಳದ ರೊಟ್ಟಿಯ ಸೀಮೆಯು ಅದನ್ನು ಜೋಳದ ಋಣವೆಂದಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿರುವ ಗರುಡಗಂಬವು ಈ ಧರ್ಮದ ತುತ್ತತುದಿಯನ್ನು ತೋರಿಸುತ್ತದೆ. ಎರಡನೆಯ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನು ಒಡೆಯನ ಮರಣದೊಡನೆ ತನ್ನ ಪ್ರಾಣವನ್ನೂ ಒಪ್ಪಿಸಿದನು. ಅವನ ಮಡದಿಯೂ ಸಂಗಡಿಗರೂ ಅವನನ್ನು ಹಿಂಬಾಲಿಸಿದರು. ಅಧಿಕಾರಿಯು ಇಷ್ಟರಮಟ್ಟಿಗೆ ನಿಷ್ಠನಾಗಿರಬಲ್ಲನೇ ಎಂದು ಆ ಕಂಬವನ್ನು ನೋಡಿದವರಿಗೆ ಬೆರಗು ಹುಟ್ಟದಿರದು.

ಆದರೆ ಅದೇ ಕಾಲದ ಮತ್ತೊಂದು ಮುಖವನ್ನೂ ನೋಡಬೇಕು. ಕಲ್ಯಾಣದ ಚಾಲುಕ್ಯರ ಮಾಂಡಲಿಕನೂ ದಂಡನಾಯಕನೂ ಆಗಿದ್ದ ಕಳಚುರಿ ಬಿಜ್ಜಳನು ಹನ್ನೆರಡನೆಯ ಶತಮಾನದ ನಡುವಿನಲ್ಲಿ ಮೂರನೆಯ ತೈಲಪನ ಸಿಂಹಾಸನವನ್ನು ತಾನೇ ಏರಿದನು. ಒಡೆಯನ ಸೈನ್ಯವನ್ನೇ ಕೈಯಲ್ಲಿಟ್ಟುಕೊಂಡಿದ್ದವನು ಒಡೆಯನನ್ನೇ ತಳ್ಳಿದನೆಂದರೆ ಸ್ವಾಮಿದ್ರೋಹಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಎಲ್ಲಿ ಸಿಕ್ಕೀತು? ಆದರೂ ಬಿಜ್ಜಳನನ್ನು ಶಿಕ್ಷಿಸುವ ಅಧಿಕಾರವು ಯಾರ ಕೈಯಲ್ಲಿಯೂ ಉಳಿಯಲಿಲ್ಲ. ಏಕೆಂದರೆ ಶಿಕ್ಷಿಸತಕ್ಕ ಸಿಂಹಾಸನದ ಮೇಲೆ ಅವನೇ ಕುಳಿತಿದ್ದನು. ಈ ಕಾರ್ಯದಲ್ಲಿ ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನು ಅವನಿಗೆ ನೆರವಾದನೆಂದು ಶಿಲಾಹಾರರ ಶಾಸನವು ನಾಚಿಕೆಪಡದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತದೆ. ಕೊಲ್ಲಾಪುರವು ಭೋಜಕ್ಕೆ ದೂರವಲ್ಲ. ಸೋತ ದ್ರೋಹಿಗೆ ಶೂಲ, ಗೆದ್ದ ದ್ರೋಹಿಗೆ ಪ್ರಶಸ್ತಿ ಎಂಬ ಪಾಠವನ್ನು ಈ ಸೀಮೆಯು ಎಂಟುನೂರು ವರ್ಷಗಳ ಹಿಂದೆಯೇ ಕಲಿತಿತ್ತು. ಜೋಳವಾಳಿಯ ಧರ್ಮದ ಕೊರತೆಯು ಇಲ್ಲಿಯೇ ಇದೆ. ಅದು ಒಬ್ಬ ವ್ಯಕ್ತಿಗೆ ಕಟ್ಟಿಬಿದ್ದ ನಿಷ್ಠೆ. ವ್ಯಕ್ತಿಯು ಬದಲಾದೊಡನೆ ನಿಷ್ಠೆಯ ಅರ್ಥವೂ ಬದಲಾಗುತ್ತದೆ.

ಶಾಸ್ತ್ರಕಾರರು ಈ ವಿಷಯದಲ್ಲಿ ಕವಿಗಳಿಗಿಂತ ಹೆಚ್ಚು ಎಚ್ಚರಿಕೆಯುಳ್ಳವರು. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅಧಿಕಾರಕ್ಕೆ ನೇಮಿಸಲ್ಪಟ್ಟವರ ನಡತೆಯನ್ನು ಅರಸನು ಚಾರರಿಂದ ತಿಳಿಯತಕ್ಕದ್ದು, ಒಳ್ಳೆಯವರನ್ನು ಮನ್ನಿಸತಕ್ಕದ್ದು, ಲಂಚದಿಂದ ಬದುಕುವವರ ಸೊತ್ತನ್ನು ಕಿತ್ತುಕೊಂಡು ನಾಡಿನಿಂದ ಹೊರಗೆ ಹಾಕತಕ್ಕದ್ದು ಎಂಬುದು ಆ ಸ್ಮೃತಿಯ ಅಭಿಪ್ರಾಯ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಶಿಕ್ಷೆಯ ಅಳತೆ. ಲಂಚಗುಳಿಯು ಹಣದ ಆಸೆಯಿಂದ ಕೆಟ್ಟವನು. ಆದುದರಿಂದ ಅವನ ಹಣವೇ ಹೋಗಲಿ. ಅಧಿಕಾರದ ಸ್ಥಾನವನ್ನು ಕೆಡಿಸಿದವನು. ಆದುದರಿಂದ ಸ್ಥಾನವೇ ತಪ್ಪಲಿ. ಮನುಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯನಿಗೆ ಒಂದು ಕಾರ್ಷಾಪಣದ ದಂಡವಿರುವ ತಪ್ಪಿಗೆ ಅರಸನಿಗೆ ಸಾವಿರದ ದಂಡವೆಂದಿದೆ. ಆ ಸ್ಮೃತಿಯಲ್ಲಿ ಇಂದಿನವರು ಒಪ್ಪಲಾರದ ಮಾತುಗಳು ಎಷ್ಟೋ ಇವೆ. ಆದರೆ ಸ್ಥಾನವು ಎತ್ತರವಾದಷ್ಟೂ ಹೊಣೆಯು ಭಾರವಾಗಬೇಕೆಂಬ ಈ ಒಂದು ಮಾತು ಹಳತಾಗಿಲ್ಲ.

ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಅಧಿಕಾರಿಗಳ ಕಪಟವನ್ನು ಕುರಿತು ಇನ್ನಾವ ಗ್ರಂಥಕ್ಕಿಂತಲೂ ವಿಸ್ತಾರವಾಗಿ ಮಾತಾಡುತ್ತದೆ. ಭಂಡಾರದ ಹಣವನ್ನು ನುಂಗುವ ನಾಲ್ವತ್ತು ದಾರಿಗಳನ್ನು ಅದು ಎಣಿಸುತ್ತದೆ. ನೀರಿನಲ್ಲಿ ಆಡುವ ಮೀನು ಯಾವಾಗ ನೀರು ಕುಡಿಯಿತೆಂಬುದು ಹೇಗೆ ತಿಳಿಯದೋ ಹಾಗೆಯೇ ಅಧಿಕಾರಿಯು ಯಾವಾಗ ಹಣ ತಿಂದನೆಂಬುದೂ ತಿಳಿಯದೆನ್ನುತ್ತದೆ. ಇಷ್ಟು ಸೂಕ್ಷ್ಮವಾಗಿ ನೋಡಿದ ಕೌಟಿಲ್ಯನೇ, ರಾಜ್ಯವನ್ನು ಕೆಡಿಸುವ ಬಲಿಷ್ಠರಾದ ಅಧಿಕಾರಿಗಳನ್ನು ಬಹಿರಂಗವಾಗಿ ಅಡಗಿಸುವುದು ಸಾಧ್ಯವಿಲ್ಲದಿದ್ದರೆ ಗುಟ್ಟಾಗಿ ಮುಗಿಸಬೇಕೆಂದು ಉಪಾಂಶುದಂಡವನ್ನು ವಿಧಿಸಿದನು. ಇಲ್ಲಿ ಶಾಸ್ತ್ರವು ಜಾರಿತು. ಗುಟ್ಟಾಗಿ ಕೊಲ್ಲುವವನಿಗೂ ಗುಟ್ಟಾಗಿ ಮಾರುವವನಿಗೂ ಪ್ರಜೆಯ ಕಣ್ಣಿನಲ್ಲಿ ಭೇದವೇನು? ಇಬ್ಬರೂ ಬೆಳಕನ್ನು ತಪ್ಪಿಸಿಯೇ ನಡೆಯುವವರು.

ಜೋಳವಾಳಿಯ ಧರ್ಮವು ಹೇಗೆ ಗೊಂದಲಕ್ಕೆ ಬಿದ್ದಿತೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಚಿಕ್ಕೋಡಿ ಸೀಮೆಯ ಹತ್ತು ವರ್ಷಗಳ ಚರಿತ್ರೆಯೇ ಸಾಕು. 1818ರ ಫೆಬ್ರುವರಿಯಲ್ಲಿ ಸಾತಾರೆಯ ಕೋಟೆಯು ಕೈಸೇರಿದೊಡನೆ ಕಂಪನಿ ಸರಕಾರದ ಎಲ್ಫಿನ್‌ಸ್ಟನ್ ಸಾಹೇಬನು ಒಂದು ಜಾಹೀರನಾಮೆಯನ್ನು ಹೊರಡಿಸಿದನು. ಪೇಶವೆ ಬಾಜೀರಾಯನ ನೌಕರಿಯಲ್ಲಿದ್ದವರು ಎರಡು ತಿಂಗಳೊಳಗಾಗಿ ಅದನ್ನು ಬಿಟ್ಟು ತಮ್ಮ ಮನೆಗಳಿಗೆ ಮರಳಬೇಕು. ಹಾಗೆ ಮಾಡಿದವರ ವತನ ಇನಾಮುಗಳು ನಡೆಯುವವು, ಮಾಡದವರವು ಹೋಗುವವು ಎಂಬುದು ಅದರ ಸಾರ. ಎಂದರೆ, ಒಡೆಯನನ್ನು ಬಿಟ್ಟವನಿಗೆ ಹೊಲ, ಬಿಡದವನಿಗೆ ಬಯಲು. ಅದೇ ವರ್ಷ ಏಪ್ರಿಲಿನಲ್ಲಿ ಬೆಳಗಾವಿಯ ಕೋಟೆಯು ಮನ್ರೋ ಸಾಹೇಬನ ವಶವಾಯಿತು. ಚಿಕ್ಕೋಡಿ ಮತ್ತು ಮನೋಳಿಯ ಪ್ರಾಂತಗಳನ್ನು ಕಂಪನಿಯವರು ತಮಗೆ ನೆರವಾದ ಕೊಲ್ಲಾಪುರದ ಅರಸರಿಗೆ ಕೊಟ್ಟರು. 1827ರ ಒಪ್ಪಂದದಂತೆ ಮರಳಿ ತಾವೇ ತೆಗೆದುಕೊಂಡರು. ಹತ್ತು ವರ್ಷಗಳಲ್ಲಿ ಮೂವರು ಒಡೆಯರು! ಊರಿನ ಪಾಟೀಲನೂ ಕುಲಕರ್ಣಿಯೂ ಮಾತ್ರ ಅವರೇ; ದಫ್ತರದ ಬಟ್ಟೆಯೂ ಅದೇ. ಇವರು ಯಾರ ಜೋಳವನ್ನು ಉಂಡವರು? ಪೇಶವೆಯದನ್ನೇ, ಛತ್ರಪತಿಯದನ್ನೇ, ಕಂಪನಿಯದನ್ನೇ? ಹೊಳೆಯ ದಂಡೆಯಲ್ಲಿ ಬಿತ್ತಿ ಬೆಳೆದವನನ್ನು ಕೇಳಿದ್ದರೆ ಅವನು ಬೇರೊಂದು ಉತ್ತರವನ್ನು ಕೊಡುತ್ತಿದ್ದನು: ಒಡೆಯರು ಮೂವರಾದರೂ ಜೋಳ ಮಾತ್ರ ರೈತನದೇ ಆಗಿತ್ತು. ಆದರೆ ಅವನನ್ನು ಆಗ ಯಾರೂ ಕೇಳಲಿಲ್ಲ.

ಈ ಗೊಂದಲವು ಕಿತ್ತೂರಿನಲ್ಲಿ ರಕ್ತದ ರೂಪವನ್ನು ತಾಳಿತು. 1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡನು. ಅವನು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ಅವನು ಭಂಡಾರಕ್ಕೆ ಮುದ್ರೆಯೊತ್ತಿ, ಸಂಸ್ಥಾನದ ನೌಕರರಾದ ಮಲ್ಲಪ್ಪಶೆಟ್ಟಿ, ವೆಂಕಟರಾಯ ಎಂಬವರನ್ನೇ ಕಾರಭಾರಕ್ಕೆ ನಿಲ್ಲಿಸಿದನು. ಅಕ್ಟೋಬರ 23ರಂದು ಥ್ಯಾಕರೆಯು ಕೋಟೆಯ ಮುಂದೆ ಮಡಿದನು; ಡಿಸೆಂಬರದಲ್ಲಿ ಕೋಟೆಯು ಬಿದ್ದಿತು; ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದಳು. ಈ ಇಬ್ಬರು ನೌಕರರು ಒಳಗಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರೆಂದೂ ತೋಪಿನ ಮದ್ದನ್ನು ಕೆಡಿಸಿದರೆಂದೂ ಲಾವಣಿಗಳು ಸಾರಿ ಹೇಳುತ್ತವೆ. ಕಂಪನಿಯ ಕಾಗದದಲ್ಲಿ ಅವರು ನೇಮಕವಾದ ಕಾರಭಾರಿಗಳು. ಲಾವಣಿಯಲ್ಲಿ ಅವರು ದ್ರೋಹಿಗಳು.

ಅದಕ್ಕಿಂತ ವಿಚಿತ್ರವಾದುದು ಸಂಗೊಳ್ಳಿ ರಾಯಣ್ಣನ ಪ್ರಸಂಗ. ರಾಯಣ್ಣನು ಶೇತಸನದಿ, ಎಂದರೆ ಊರಿನ ಕಾವಲಿನ ಸೇವೆಗಾಗಿ ಹೊಲವನ್ನು ಉಂಬಳಿಯಾಗಿ ಪಡೆದ ಮನೆತನದವನು. ಸರಕಾರದ ಲೆಕ್ಕದಲ್ಲಿ ಅವನೂ ಒಬ್ಬ ಸಣ್ಣ ನೌಕರನೇ. ಅವನು 1830ರಲ್ಲಿ ದಂಡು ಕಟ್ಟಿ ಕಚೇರಿಗಳನ್ನು ಸುಟ್ಟನು. ಸ್ವಜನರ ಮೋಸದಿಂದ ಹಿಡಿಯಲ್ಪಟ್ಟು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅವನನ್ನು ಹಿಡಿಯಲು ನೆರವಾದ ಅಮಲದಾರನು ಕಂಪನಿಯ ದೃಷ್ಟಿಯಲ್ಲಿ ನಿಷ್ಠಾವಂತ ಅಧಿಕಾರಿ. ರಾಯಣ್ಣನು ಉಂಡ ಮನೆಗೆ ಎರಡು ಬಗೆದ ನೌಕರ. ಇಂದು ನಂದಗಡದಲ್ಲಿ ಜನರು ಕೈಮುಗಿಯುವುದು ಯಾರಿಗೆಂಬುದನ್ನು ಹೇಳಬೇಕಾಗಿಲ್ಲ. ಆಗಿನ ನ್ಯಾಯಾಸನವೂ ಜನರ ಮನಸ್ಸೂ ಹೀಗೆ ತದ್ವಿರುದ್ಧವಾದುದಕ್ಕೆ ಕಾರಣವೊಂದೇ: ನ್ಯಾಯಾಸನವು ಸಂಬಳ ಕೊಟ್ಟವನನ್ನು ನೋಡಿತು, ಜನರು ಜೋಳ ಬೆಳೆದವನನ್ನು ನೋಡಿದರು.

ಇಷ್ಟಾದರೂ ಲಾವಣಿಯ ನ್ಯಾಯವನ್ನೇ ಪೂರ್ಣನ್ಯಾಯವೆಂದು ತಿಳಿಯುವುದು ತಪ್ಪಾದೀತು. ಮಲ್ಲಪ್ಪಶೆಟ್ಟಿಯ ವಿಚಾರಣೆಯು ಯಾವ ಬಹಿರಂಗ ಸಭೆಯಲ್ಲಿಯೂ ನಡೆಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಸಂಬಳ ಹಂಚುವ ನೆಪದಿಂದ ಕಾವಲಿನವರನ್ನು ಹಿಂದೆಗೆಸಿದನೆಂಬ ಅಪವಾದವನ್ನು ಹೊತ್ತ ಮೀರ್ ಸಾದಿಕನೂ ಆ ದಿನದ ಗದ್ದಲದಲ್ಲಿಯೇ ಹತನಾದನು. ಅವನ ಮಾತನ್ನು ಯಾರೂ ಕೇಳಲಿಲ್ಲ, ಸಾಕ್ಷಿಗಳನ್ನು ಯಾರೂ ಅಳೆಯಲಿಲ್ಲ. ಆ ಹೆಸರುಗಳು ಬೈಗುಳಗಳಾಗಿ ಉಳಿದವು. ಸಂಗತಿಗಳು ಮಾತ್ರ ಮಸುಕಾಗಿಯೇ ಉಳಿದವು. ಬಹಿರಂಗ ವಿಚಾರಣೆಯು ಆರೋಪಿಗೆ ಮಾಡುವ ಉಪಕಾರವಷ್ಟೇ ಅಲ್ಲ. ಅದು ನಾಡು ತನ್ನ ನೆನಪಿಗೆ ತಾನೇ ಮಾಡಿಕೊಳ್ಳುವ ಉಪಕಾರವೂ ಅಹುದು.

ಇಂಗ್ಲಿಷರು ಬರೆದ 1860ರ ದಂಡಸಂಹಿತೆಯು ಈ ವಿಷಯವನ್ನು ತನ್ನದೇ ಆದ ರೀತಿಯಲ್ಲಿ ಇತ್ಯರ್ಥಗೊಳಿಸಿತು. ರಾಣಿಯ ಸರಕಾರದ ಮೇಲೆ ಯುದ್ಧ ಹೂಡುವುದಕ್ಕೆ 121ನೆಯ ಕಲಮಿನಲ್ಲಿ ಮರಣದಂಡನೆಯನ್ನಿಟ್ಟಿತು. ಸರಕಾರಿ ನೌಕರನನ್ನೇ ಬೊಟ್ಟುಮಾಡಿ ಆ ಅಧ್ಯಾಯದಲ್ಲಿ ಹೇಳಿದ ಅಪರಾಧಗಳು ಎರಡೇ: ತನ್ನ ವಶದಲ್ಲಿರುವ ರಾಜಬಂದಿಯನ್ನೋ ಯುದ್ಧಬಂದಿಯನ್ನೋ ಬೇಕೆಂದು ಬಿಟ್ಟುಕೊಡುವುದು, ಇಲ್ಲವೆ ಅಜಾಗರೂಕತೆಯಿಂದ ತಪ್ಪಿಸಿಕೊಳ್ಳಗೊಡುವುದು. 1870ರಲ್ಲಿ ಸೇರಿದ 124ಅ ಕಲಮಿನಿಂದಲಾದರೋ ಕತ್ತಿಯ ಅಲಗು ಪೂರ್ಣವಾಗಿ ಪ್ರಜೆಯ ಕಡೆಗೆ ತಿರುಗಿತು. ಸರಕಾರದ ಮೇಲೆ ಅಪ್ರೀತಿಯನ್ನು ಹುಟ್ಟಿಸಿದವನು ರಾಜದ್ರೋಹಿ. ಪ್ರಜೆಯ ಮೇಲೆ ಅಪ್ರೀತಿಯನ್ನು ತೋರಿಸಿದ ಅಧಿಕಾರಿಗೆ ಯಾವ ಹೆಸರೂ ಇಲ್ಲ.

ಈ ಅನ್ಯಾಯವನ್ನು ಬಯಲಿಗೆಳೆದ ಒಂದು ಮುಖ್ಯ ಪ್ರಸಂಗವು ಬೆಳಗಾವಿಯಲ್ಲಿಯೇ ಮೊದಲಾಯಿತೆಂಬುದು ಈ ಜಿಲ್ಲೆಯವರು ಮರೆಯತಕ್ಕ ಸಂಗತಿಯಲ್ಲ. 1916ರ ಮೇ ತಿಂಗಳ ಮೊದಲ ದಿನ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯವನ್ನು ಕುರಿತು ಭಾಷಣ ಮಾಡಿದರು. ಬಾದಶಹನು ಬೇರೆ, ಅವನ ಹೆಸರಿನಲ್ಲಿ ಆಳುವ ನೌಕರಶಾಹಿಯು ಬೇರೆ. ನೌಕರಶಾಹಿಯನ್ನು ಬದಲಿಸಬೇಕೆನ್ನುವುದು ರಾಜದ್ರೋಹವಲ್ಲ ಎಂಬುದು ಅವರ ವಾದ. ಇದಕ್ಕಾಗಿಯೂ ಅಹಮದನಗರದ ಭಾಷಣಗಳಿಗಾಗಿಯೂ ಅವರಿಂದ ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆಯನ್ನು ಬರೆಸಿಕೊಳ್ಳಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟನು ಅಪ್ಪಣೆಮಾಡಿದನು. ಅದೇ ವರ್ಷ ನವೆಂಬರದಲ್ಲಿ ಮುಂಬಯಿ ಹೈಕೋರ್ಟು ಆ ಅಪ್ಪಣೆಯನ್ನು ರದ್ದುಪಡಿಸಿತು. ಅಧಿಕಾರಿಯನ್ನು ಟೀಕಿಸುವುದೂ ರಾಜ್ಯವನ್ನು ಕೆಡಿಸುವುದೂ ಒಂದೇ ಅಲ್ಲವೆಂಬ ತತ್ತ್ವವು ಬೆಳಗಾವಿಯ ಭಾಷಣದ ದೆಸೆಯಿಂದ ಕೋರ್ಟಿನಲ್ಲಿ ನೆಲೆಗೊಂಡಿತೆಂದರೆ ತಪ್ಪಲ್ಲ. ಈ ತತ್ತ್ವವನ್ನು ತಿರುಗಿಸಿ ನೋಡಿದರೆ ಮತ್ತೊಂದು ತತ್ತ್ವವು ತಾನಾಗಿಯೇ ಹೊಳೆಯುತ್ತದೆ: ಅಧಿಕಾರಿಯು ರಾಜ್ಯವಲ್ಲವಾದ ಮೇಲೆ, ರಾಜ್ಯಕ್ಕೆ ಅಧಿಕಾರಿಯೂ ದ್ರೋಹಮಾಡಬಲ್ಲನು.

1950ರ ಜನವರಿ 26ರಂದು ಒಡೆಯನ ಪ್ರಶ್ನೆಯು ಬಗೆಹರಿಯಿತು. ರಾಜ್ಯಾಂಗವು ಪ್ರಜೆಗಳ ಹೆಸರಿನಲ್ಲಿಯೇ ಆರಂಭವಾಗುತ್ತದೆ. ಇನ್ನು ಮುಂದೆ ಚಪರಾಶಿಯಿಂದ ಮುಖ್ಯ ಕಾರ್ಯದರ್ಶಿಯವರೆಗೆ ಎಲ್ಲರೂ ಉಣ್ಣುವುದು ಪ್ರಜೆಯ ಜೋಳವನ್ನೇ. ಆದರೆ ಒಡೆಯನು ನಿಶ್ಚಿತನಾದ ಮೇಲೂ ಅಪರಾಧದ ಹೆಸರು ನಿಶ್ಚಿತವಾಗಲಿಲ್ಲ. ಅಧಿಕಾರಿಯ ದ್ರೋಹಕ್ಕೆಂದೇ ಒಂದು ಕಾಯದೆಯಿಲ್ಲ. ಅದರ ತುಂಡುಗಳು ಅಲ್ಲಲ್ಲಿ ಹರಡಿಕೊಂಡಿವೆ. ರಾಜ್ಯದ ಮೇಲೆ ಯುದ್ಧ ಹೂಡುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 147ನೆಯ ಕಲಮಿನಲ್ಲಿದೆ. ಬಂದಿಗಳನ್ನು ಬಿಟ್ಟುಕೊಡುವ ನೌಕರನ ಹಳೆಯ ಅಪರಾಧಗಳು 156 ಮತ್ತು 157ರಲ್ಲಿವೆ. ಗುಟ್ಟುಗಳನ್ನು ಮಾರುವುದು 1923ರ ಸರಕಾರಿ ರಹಸ್ಯಗಳ ಕಾಯದೆಯಲ್ಲಿದೆ. ಲಂಚವು 1988ರ ಭ್ರಷ್ಟಾಚಾರ ನಿರೋಧದ ಕಾಯದೆಯಲ್ಲಿದೆ. ರಾಜ್ಯದ ಭದ್ರತೆಗೋಸ್ಕರ ವಿಚಾರಣೆಯಿಲ್ಲದೆಯೇ ನೌಕರನನ್ನು ವಜಾಮಾಡುವ ಅಧಿಕಾರವು ರಾಜ್ಯಾಂಗದ 311ನೆಯ ಅನುಚ್ಛೇದದಲ್ಲಿದೆ. ಇವೆಲ್ಲವನ್ನು ಕೂಡಿಸಿ ಹಿಡಿಯುವ ದಾರವು ಮಾತ್ರ ಇನ್ನೂ ಸಿಕ್ಕಿಲ್ಲ.

ಆ ದಾರವನ್ನು ಹುಡುಕುವವರು ಭೋಜದ ನೆರೆಹೊರೆಯ ಜೈನ ಮನೆಗಳಲ್ಲಿ ಬಾಯಿಪಾಠವಾಗಿರುವ ಒಂದು ಪಟ್ಟಿಯ ಕಡೆಗೆ ಕಣ್ಣು ಹಾಯಿಸಬಹುದು. ತತ್ತ್ವಾರ್ಥಸೂತ್ರವು ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ ಎಂದರೆ ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಬೆರಕೆಯ ಪದಾರ್ಥವನ್ನು ಅಸಲೆಂದು ಮಾರುವುದು. ರಾಜ್ಯಕ್ಕೆ ಎರಡು ಬಗೆಯುವ ನಡತೆಯನ್ನು ಸೂತ್ರಕಾರರು ಹಿಂಸೆಯ ಕೆಳಗೆ ಇಡಲಿಲ್ಲ, ಸುಳ್ಳಿನ ಕೆಳಗೂ ಇಡಲಿಲ್ಲ. ಕಳವಿನ ಕೆಳಗೆ, ಖೋಟಾ ತಕ್ಕಡಿಯ ಪಕ್ಕದಲ್ಲಿಯೇ ಇಟ್ಟರು. ಈ ಎಣಿಕೆಯಲ್ಲಿ ಎಷ್ಟು ವಿವೇಕವಿದೆ! ಅಧಿಕಾರವೆಂಬುದು ಅಧಿಕಾರಿಯ ಸೊತ್ತಲ್ಲ. ಅದು ಬೇರೊಬ್ಬರ ಸೊತ್ತು, ಕಾಯಲು ಕೊಟ್ಟದ್ದು. ಅದನ್ನು ಮಾರಿದವನು ತನ್ನದಲ್ಲದುದನ್ನು ಮಾರಿದನು.

ಇದರಿಂದ ಅಧಿಕಾರಿಯ ದ್ರೋಹಕ್ಕೆ ಮೂರು ಗುರುತುಗಳನ್ನು ಹೇಳಬಹುದು. ಒಂದನೆಯದು, ಅಪರಾಧಕ್ಕೆ ಬಳಸಿದ ಶಕ್ತಿಯು ಅಧಿಕಾರದಿಂದಲೇ ಬಂದುದಾಗಿರಬೇಕು. ಗುಟ್ಟು, ಸಹಿ, ಶಸ್ತ್ರ, ಬಾಗಿಲು ಇವುಗಳಲ್ಲಿ ಯಾವುದಾದರೊಂದು ಅವನ ಕೈಗೆ ಸ್ಥಾನದ ಮೂಲಕವೇ ಬಂದಿರಬೇಕು. ಎರಡನೆಯದು, ಅವನು ತಿಳಿದೂ ತಿಳಿದೂ ಮಾಡಿರಬೇಕು, ಅಥವಾ ತಿಳಿಯಬೇಕಾದುದಕ್ಕೆ ಬೇಕೆಂದೇ ಕಣ್ಣುಮುಚ್ಚಿಕೊಂಡಿರಬೇಕು. ಮೂರನೆಯದು, ಪೆಟ್ಟು ಬೀಳುವುದು ಒಬ್ಬಿಬ್ಬರ ಮೇಲಲ್ಲ, ರಾಜ್ಯದ ಅಸ್ತಿತ್ವದ ಮೇಲೆ, ಪ್ರಜೆಗಳ ಸಮುದಾಯದ ಪ್ರಾಣರಕ್ಷಣೆಯ ಮೇಲೆ, ಅಥವಾ ಪ್ರಜೆಗಳು ತಮ್ಮ ಸರಕಾರವನ್ನು ತಾವೇ ಆರಿಸುವ ಹಕ್ಕಿನ ಮೇಲೆ ಆಗಿರಬೇಕು. ಈ ಮೂರೂ ಕೂಡಿದರೆ ದ್ರೋಹ. ಒಂದು ತಪ್ಪಿದರೂ ಬೇರೆ ಅಪರಾಧ, ಬೇರೆ ಹೆಸರು.

ಹಾಗಾದರೆ ಲಂಚವು ದ್ರೋಹವಲ್ಲವೇ? ಈ ಸೀಮೆಯ ರೈತನ ಬಾಯಲ್ಲಿ ಈ ಪ್ರಶ್ನೆಯು ಹೀಗೆ ಬರುತ್ತದೆ: "ಲಂಚಾ ತಿನ್ನಾವ ಕಳ್ಳರೀ, ಖರೆ. ಆದರ ಲಂಚಾ ತಿಂದು ಬಾಗಲಾ ತಗದು ಕೊಲಿಗಾರರ್ನ ಒಳಗ ಬಿಟ್ಟಾವಗ ಏನ ಅನ್ನೋದ್ರೀ?" ಇದಕ್ಕೆ 1993ರ ಚರಿತ್ರೆಯು ಉತ್ತರ ಕೊಟ್ಟಿದೆ. ಆ ವರ್ಷ ಮಾರ್ಚ 12ರಂದು ಮುಂಬಯಿಯಲ್ಲಿ ಸಿಡಿದ ಬಾಂಬುಗಳಿಂದ 257 ಜನರು ಸತ್ತರು. ಅದರ ಮದ್ದುಗುಂಡುಗಳು ರಾಯಗಡ ಜಿಲ್ಲೆಯ ಕರಾವಳಿಯಲ್ಲಿ ಇಳಿದವು. ದಾರಿ ಕಾಯಬೇಕಾದ ಸುಂಕದ ಅಧಿಕಾರಿಗಳೂ ಪೋಲೀಸರೂ ಹಣಕ್ಕೆ ಬಾಗಿ ಅವುಗಳನ್ನು ಹಾಯಗೊಟ್ಟರೆಂಬುದು ಕೋರ್ಟಿನಲ್ಲಿ ಸಿದ್ಧವಾಯಿತು. 2007ರಲ್ಲಿ ವಿಶೇಷ ನ್ಯಾಯಾಲಯವು ಸುಂಕದ ಇಲಾಖೆಯ ಹಿರಿಯ ಅಧಿಕಾರಿಯೊಬ್ಬನಿಗೆ ಆಜೀವ ಕಾರಾಗೃಹವಾಸವನ್ನು ವಿಧಿಸಿತು. ಬೆಳ್ಳಿಯ ಗಟ್ಟಿಗಳೆಂದು ತಿಳಿದು ಬಿಟ್ಟೆವೆಂಬುದು ಇಂಥವರ ವಾಡಿಕೆಯ ಸಮಾಧಾನ. ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡುವುದಕ್ಕಾಗಿಯೇ ಸಂಬಳ ಪಡೆಯುವವನು ನೋಡದಿರುವುದಕ್ಕಾಗಿ ಹಣ ಪಡೆದರೆ, ಒಳಗಿದ್ದುದು ಬೆಳ್ಳಿಯೋ ಸಾವೋ ಎಂಬುದು ಅವನ ಅದೃಷ್ಟವೇ ಹೊರತು ಅವನ ಸದ್ಗುಣವಲ್ಲ. ಉತಾರೆಗೆ ಕೈಚಾಚಿದ ತಲಾಠಿಯ ಲಂಚವು ಲಂಚವೇ. ಅದಕ್ಕೆ ಲಂಚದ ಶಿಕ್ಷೆ ತಪ್ಪದಿರಲಿ. ಕಾವಲನ್ನೇ ಮಾರಿದವನ ಲಂಚವು ದ್ರೋಹ.

ಯಾವುದು ದ್ರೋಹವಲ್ಲವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿಡಬೇಕು. ಸದ್ಬುದ್ಧಿಯಿಂದ ಮಾಡಿ ಕೆಟ್ಟುಹೋದ ನಿರ್ಣಯವು ದ್ರೋಹವಲ್ಲ. ಮೇಲಿನವರ ಕಾಯದೆಬಾಹಿರ ಅಪ್ಪಣೆಯನ್ನು ಪಾಲಿಸದಿರುವುದು ದ್ರೋಹವಲ್ಲ. ಪಾಲಿಸುವುದೇ ಒಮ್ಮೊಮ್ಮೆ ದ್ರೋಹವಾದೀತು. ಕಚೇರಿಯೊಳಗಿನ ಕಳವನ್ನು ಪ್ರಜೆಗಳಿಗೆ ತಿಳಿಸಿದ ಕಾರಕೂನನು ದ್ರೋಹಿಯಲ್ಲ. ಅವನು ಒಡೆಯನಿಗೆ ಒಡೆಯನ ಮನೆಯ ಸುದ್ದಿಯನ್ನೇ ಹೇಳಿದವನು. ಆಳುವ ಪಕ್ಷವೇ ರಾಜ್ಯವೆಂದು ಎಣಿಸುವವರ ಕೈಯಲ್ಲಿ ದ್ರೋಹದ ಕಾಯದೆಯು ಸಿಕ್ಕರೆ ಮೊದಲು ಬೀಳುವ ತಲೆ ಪ್ರಾಮಾಣಿಕ ಅಧಿಕಾರಿಯದೇ. ಇಂಗ್ಲೆಂಡಿನಲ್ಲಿ 1351ರಷ್ಟು ಹಿಂದೆಯೇ ರಾಜದ್ರೋಹದ ಲಕ್ಷಣಗಳನ್ನು ಎಣಿಸಿ ಬರೆದದ್ದು, ಮನಬಂದಂತೆ ಆ ಹೆಸರನ್ನು ಹಚ್ಚಲಾಗದಿರಲೆಂದೇ. ಅಮೇರಿಕದ ರಾಜ್ಯಾಂಗವು ಒಂದೇ ಪ್ರಕಟಕೃತ್ಯಕ್ಕೆ ಇಬ್ಬರು ಸಾಕ್ಷಿಗಳಾದರೂ ಬೇಕು, ಇಲ್ಲವೆ ಬಹಿರಂಗ ನ್ಯಾಯಾಲಯದಲ್ಲಿ ಆರೋಪಿಯ ಒಪ್ಪಿಗೆಯಾದರೂ ಬೇಕೆಂದು ಕಟ್ಟುನಿಟ್ಟು ಮಾಡಿದೆ.

ಇನ್ನು ಶಿಕ್ಷೆಯ ಮಾತು. ಇಲ್ಲಿ ಸಿಟ್ಟಿಗಿಂತ ನೆನಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. 1894ರಲ್ಲಿ ಫ್ರಾನ್ಸಿನ ಸೈನ್ಯಾಧಿಕಾರಿ ಡ್ರೈಫಸನು ಜರ್ಮನರಿಗೆ ಗುಟ್ಟು ಮಾರಿದನೆಂದು, ಅವನ ವಕೀಲನಿಗೂ ತೋರಿಸದ ಒಂದು ಗುಪ್ತ ಕಡತದ ಬಲದಿಂದ ಅಪರಾಧಿಯೆನಿಸಿದನು. ಪದವಿಯನ್ನು ಕಿತ್ತು ಅವನನ್ನು ಕಡಲಾಚೆಯ ದೆವ್ವದ ದ್ವೀಪಕ್ಕೆ ಕಳಿಸಿದರು. ನಿಜವಾದ ಅಪರಾಧಿಯು ಬೇರೊಬ್ಬ ಅಧಿಕಾರಿಯೆಂದು ಆಮೇಲೆ ತಿಳಿಯಿತು. 1906ರಲ್ಲಿ ಡ್ರೈಫಸನು ನಿರ್ದೋಷಿಯೆಂದು ತೀರ್ಪಾಯಿತು. ರಾಜಕೀಯ ಅಪರಾಧಗಳಿಗೆ ಫ್ರಾನ್ಸಿನಲ್ಲಿ 1848ರಲ್ಲಿಯೇ ಮರಣದಂಡನೆಯನ್ನು ತೆಗೆದುಹಾಕಿರದಿದ್ದರೆ ಆ ತೀರ್ಪನ್ನು ಸಮಾಧಿಗೆ ಓದಿ ಹೇಳಬೇಕಾಗುತ್ತಿತ್ತು. ಭಾರತದಲ್ಲಿಯೂ ಇದೇ ಬಗೆಯ ದುಃಖವು ನಡೆದಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಗುಟ್ಟು ಮಾರಿದರೆಂಬ ಆರೋಪದಿಂದ 1994ರಲ್ಲಿ ಕೇರಳದ ಪೋಲೀಸರು ಸೆರೆಹಿಡಿದರು. ಆರೋಪವು ಸುಳ್ಳೆಂದು ಕೇಂದ್ರದ ತನಿಖೆಯು 1996ರಲ್ಲಿ ವರದಿಮಾಡಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಐವತ್ತು ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಇಪ್ಪತ್ನಾಲ್ಕು ವರ್ಷ ದೇಶದ್ರೋಹಿಯೆನಿಸಿಕೊಂಡು ಬೀದಿಯಲ್ಲಿ ನಡೆದವನಿಗೆ ಆ ವರ್ಷಗಳನ್ನು ಯಾವ ಖಜಾನೆಯು ಮರಳಿಸೀತು?

ಮತ್ತೊಂದು ತುದಿಯಲ್ಲಿ ವಿಳಂಬದ ಪಾಪವಿದೆ. 1985ರಲ್ಲಿ ದಿಲ್ಲಿಯ ಅತ್ಯುನ್ನತ ಕಚೇರಿಗಳ ಕಾರಕೂನರೂ ಸಹಾಯಕರೂ ಹಣಕ್ಕಾಗಿ ಗುಟ್ಟಿನ ಕಾಗದಗಳನ್ನು ಹೊರಗೆ ಮಾರುತ್ತಿದ್ದುದು ಬಯಲಾಯಿತು. ತೀರ್ಪು ಬಂದದ್ದು 2002ರಲ್ಲಿ; ಮುಖ್ಯ ಆರೋಪಿಯು ಅಷ್ಟರಲ್ಲಿ ಸತ್ತೇಹೋಗಿದ್ದನು. ಹದಿನೇಳು ವರ್ಷಗಳ ಬಳಿಕ ಬರುವ ಶಿಕ್ಷೆಯು ಅಪರಾಧಿಯನ್ನೂ ಅಂಜಿಸದು, ಪ್ರಜೆಯನ್ನೂ ಸಮಾಧಾನಗೊಳಿಸದು. ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರಕಾರದ ಪೂರ್ವಾನುಮತಿ ಬೇಕೆಂಬ ಕಟ್ಟಳೆಯು ಪ್ರಾಮಾಣಿಕನನ್ನು ಕಾಯಲು ಹುಟ್ಟಿದ್ದು. ಆದರೆ ಅನುಮತಿಯ ಕಾಗದವು ವರ್ಷಗಟ್ಟಲೆ ಮಲಗಿದರೆ ಅದೇ ಕಟ್ಟಳೆಯು ಕಳ್ಳನ ಕಂಬಳಿಯಾಗುತ್ತದೆ.

ಆದುದರಿಂದ ಶಿಕ್ಷೆಯು ಕ್ರೂರವಾಗಿರುವುದಕ್ಕಿಂತ ನಿಶ್ಚಿತವೂ ಶೀಘ್ರವೂ ಬಹಿರಂಗವೂ ಆಗಿರುವುದು ಮೇಲು. ಅನುಮತಿಗೆ ಅವಧಿಯಿರಲಿ, ವಿಚಾರಣೆಗೆ ಅವಧಿಯಿರಲಿ. ರಾಜ್ಯದ ಗುಟ್ಟನ್ನು ಕಾಪಾಡಲು ಕೋರ್ಟಿನ ಬಾಗಿಲನ್ನು ಒಮ್ಮೊಮ್ಮೆ ಮುಚ್ಚಬೇಕಾದರೂ ಆರೋಪಿಗೆ ತೋರಿಸದ ಸಾಕ್ಷ್ಯದಿಂದ ಅವನನ್ನು ಶಿಕ್ಷಿಸಕೂಡದು. ಅಪರಾಧವು ಸಿದ್ಧವಾದ ಮೇಲೆ ದೀರ್ಘವಾದ ಸೆರೆ, ದ್ರೋಹದಿಂದ ಗಳಿಸಿದುದರ ಜಪ್ತಿ, ಯಾವ ಸಾರ್ವಜನಿಕ ಸ್ಥಾನವನ್ನೂ ಮರಳಿ ಏರದಂಥ ನಿಷೇಧ, ಇವು ತಪ್ಪದೆ ಬರಲಿ. ಸ್ಥಾನವು ಹಿರಿದಾದಂತೆ ಶಿಕ್ಷೆಯೂ ಹಿರಿದಾಗಲಿ. ಸಹಿ ಹಾಕಿದ ಹಿರಿಯನು ಪಾರಾಗಿ ಕಾಗದ ಹೊತ್ತ ಚಪರಾಶಿಯೊಬ್ಬನೇ ಸಿಕ್ಕಿಬೀಳದಿರಲಿ. ಮರಣದಂಡನೆಯನ್ನು ಮಾತ್ರ ಬಿಡುವುದು ಒಳಿತು. ದ್ರೋಹದ ಆರೋಪದಷ್ಟು ಸುಲಭವಾಗಿ ತಪ್ಪು ತಲೆಯ ಮೇಲೆ ಬೀಳುವ ಆರೋಪವು ಮತ್ತೊಂದಿಲ್ಲ. ಹಾಗೆಯೇ ದ್ರೋಹಿಯ ಮಕ್ಕಳಿಗೆ ಅವನ ಹೆಸರನ್ನು ಹಿಡಿದು ಚುಚ್ಚುವ ಊರಿನ ವಾಡಿಕೆಯೂ ನಿಲ್ಲಬೇಕು. ಹಿಂದೆ ವತನವು ತಂದೆಯಿಂದ ಮಗನಿಗೆ ಬರುತ್ತಿದ್ದಿತು. ಕಳಂಕವೂ ವತನದಂತೆ ಇಳಿದು ಬರಬೇಕೆಂಬ ನ್ಯಾಯವಿಲ್ಲ.

ಜೋಳವಾಳಿಯೆಂಬ ಮಾತನ್ನು ಹಳೆಯ ಕಾವ್ಯಗಳಲ್ಲಿಯೇ ಬಿಟ್ಟುಬಿಡಬೇಕಾಗಿಲ್ಲ. ಅದರ ಒಡೆಯನನ್ನು ಬದಲಿಸಿಕೊಂಡರೆ ಸಾಕು. ದೂಧಗಂಗೆಯ ಎರೆಯ ಹೊಲದಲ್ಲಿ ಬೆವರಿಳಿಸಿದವನ ಪಾಲಿನಿಂದಲೇ ಭೋಜದ ತಲಾಠಿಯ ಸಂಬಳವೂ ದಿಲ್ಲಿಯ ಕಾರ್ಯದರ್ಶಿಯ ಸಂಬಳವೂ ಹೊರಡುತ್ತವೆ. ಆ ಬೆಳೆದವನಿಗಾಗಿ ಸಾಯಿರೆಂದು ಈಗ ಯಾವ ಅಧಿಕಾರಿಯನ್ನೂ ಯಾರೂ ಕೇಳುವುದಿಲ್ಲ. ಅವನು ಕಾಯಲು ಕೊಟ್ಟುದನ್ನು ಮಾರಬೇಡಿರೆಂದಷ್ಟೇ ಕೇಳುವುದು. ಇದು ಕುವರ ಲಕ್ಷ್ಮನ ಪ್ರತಿಜ್ಞೆಗಿಂತ ಬಹಳ ಹಗುರವಾದ ಪ್ರತಿಜ್ಞೆ. ಆದುದರಿಂದಲೇ ಅದನ್ನು ಮುರಿದವನಿಗೆ ಯಾವ ನೆಪವೂ ಉಳಿಯುವುದಿಲ್ಲ.